ಯಾವ ಜೋಳ?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮದ್ಯದ ಪ್ರಸ್ತಾಪವೇ ಎಂದು ಹುಬ್ಬೇರಿಸುವ ಹಿರಿಯರ ಕ್ಷಮೆಯನ್ನು ಮೊದಲೇ ಬೇಡುತ್ತೇನೆ. ಮನೆಮಂದಿಯೆಲ್ಲ ಓದುವ ಈ ಸಂಚಿಕೆಯಲ್ಲಿ ಕುಡಿತದ ಗುಣಗಾನ ಮಾಡುವ ಉದ್ದೇಶ ನನಗಿಲ್ಲ. ಆದರೆ ನಮ್ಮ ಆದವಾನಿ ಸೀಮೆಯ ಕುರಿತು ಆಡಲೇಬೇಕಾದ ಒಂದು ಕಟುಮಾತು ನನಗೆ ಹೊಳೆದದ್ದು ಒಂದು ಸೀಸೆಯ ಮುಂದೆ ಕುಳಿತಿದ್ದಾಗ. ಅದನ್ನು ಮುಚ್ಚಿಟ್ಟು ಬೇರೊಂದು ಸಭ್ಯ ಕಥೆ ಹೇಳುವುದು ಸತ್ಯಕ್ಕೆ ಅಪಚಾರವಾದೀತು.

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ ಮಗಳು ಅಳಿಯ ಇದ್ದಾರೆ. ಅಲ್ಲಿಗೆ ಹೋಗಿದ್ದಾಗ ಅವರ ನೆರೆಮನೆಯ ವೃದ್ಧರೊಬ್ಬರು ಒಂದು ಸಂಜೆ ಎರಡು ಸೀಸೆ ಬರ್ಬನ್ ತಂದರು. ಬರ್ಬನ್ ಎಂಬುದು ಅವರ ನಾಡಿನ ವಿಸ್ಕಿ. ಅದರ ಧಾನ್ಯದಲ್ಲಿ ಶೇಕಡ 51ಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳವಿರಬೇಕು, ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಅದು ಮಾಗಬೇಕು ಎಂದು ಕಾನೂನಿದೆ. ಮೊದಲನೆಯ ಸೀಸೆ ಎಲ್ಲ ಅಂಗಡಿಗಳಲ್ಲೂ ಸಿಗುವಂಥದು. ಎರಡನೆಯದು ಅದೇ ಊರಿನ ಹೈ ವೈರ್ ಎಂಬ ಭಟ್ಟಿಯದು. ಅದರ ಚೀಟಿಯ ಮೇಲೆ ಧಾನ್ಯದ ಹೆಸರನ್ನು ಎದ್ದು ಕಾಣುವಂತೆ ಅಚ್ಚು ಹಾಕಿದ್ದರು: ‘ಜಿಮ್ಮಿ ರೆಡ್’, ಒಂದು ಜಾತಿಯ ಕೆಂಪು ಮೆಕ್ಕೆಜೋಳ.

ವಯಸ್ಸಿನಲ್ಲಿ ಹಿರಿಯರ ಮಾತು ಮೀರಲಾರದೆ ಎರಡನ್ನೂ ಒಂದೊಂದು ಗುಟುಕು ರುಚಿ ನೋಡಿದೆ. ಮೊದಲನೆಯದರಲ್ಲಿ ಮೂಗಿಗೂ ನಾಲಿಗೆಗೂ ತಗಲಿದ್ದು ಮರ. ಮರದಿಂದ ಇಳಿದ ವೆನಿಲ್ಲಾದ ವಾಸನೆ, ಮೇಲೆ ಗಂಟಲ ಉರಿ. ಎರಡನೆಯದರಲ್ಲಿ ಮೊದಲು ಬಂದದ್ದು ಕೆಂಡದ ಮೇಲೆ ಸುಟ್ಟ ತೆನೆಯ ಕಂಪು. ಅದರ ಹಿಂದೆಯೇ ಬೆಲ್ಲದ ಪಾಕದ ಸಿಹಿ. ಕೊನೆಗೆ ಹುರಿದ ಶೇಂಗಾ ತಿಂದ ಮೇಲೆ ನಾಲಿಗೆಯ ಮೇಲೆ ಉಳಿಯುವಂಥ ಎಣ್ಣೆಯ ನುಣುಪು. ನಾನು ಈ ವಿದ್ಯೆಯಲ್ಲಿ ಪರಿಣತನಲ್ಲ. ಆದರೂ ಒಂದು ಮರದ ರುಚಿ, ಇನ್ನೊಂದು ಹೊಲದ ರುಚಿ ಎಂಬಷ್ಟು ವ್ಯತ್ಯಾಸ ನನ್ನಂಥವನಿಗೂ ತಿಳಿಯಿತು.

ವೃದ್ಧರು ಆ ಧಾನ್ಯದ ಕಥೆ ಹೇಳಿದರು. ಚಾರ್ಲ್‌ಸ್ಟನ್ನಿನ ಪಕ್ಕದ ಜೇಮ್ಸ್ ದ್ವೀಪದಲ್ಲಿ ಕಳ್ಳಭಟ್ಟಿ ಇಳಿಸುವವರು ಈ ಕೆಂಪು ಜೋಳವನ್ನು ಬಿತ್ತಿಕೊಂಡು ಬಂದಿದ್ದರು. ಅವರಲ್ಲಿ ಕೊನೆಯವನು ತೀರಿಕೊಂಡಾಗ ಉಳಿದಿದ್ದವು ಎರಡೇ ತೆನೆಗಳು. ಬೀಜ ಕಾಪಾಡುವ ಒಬ್ಬ ರೈತನ ಕೈಗೆ ಅವು ಬಂದವು. ಆತ ಅವನ್ನು ಬಿತ್ತಿ ಬೆಳೆಸಿ ಹಂಚಿದ. 2014ರಲ್ಲಿ ಆ ಭಟ್ಟಿಯವರು ಎರಡೂವರೆ ಎಕರೆಯಲ್ಲಿ ಅದನ್ನು ಹಾಕಿಸಿದರು. ಮಾಮೂಲು ಮೆಕ್ಕೆಜೋಳಕ್ಕಿಂತ ಇದರ ಇಳುವರಿ ಕಡಿಮೆ. ಆದರೂ ರುಚಿಯ ಸಲುವಾಗಿ ಹೆಚ್ಚು ಬೆಲೆ ಕೊಡುವವರು ಸಿಕ್ಕಿದ್ದರಿಂದ ರೈತರು ಬೆಳೆದರು, ಜಾತಿ ಉಳಿಯಿತು.

ಇಷ್ಟು ಹೇಳಿ ಮುಗಿಸುವಾಗ ಅವರ ಮುಂದಿನ ತಟ್ಟೆಯಲ್ಲಿ ನಾವು ಊರಿನಿಂದ ಒಯ್ದಿದ್ದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದವು. ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದು ಕೇಳಿದರು: ‘ಇದು ಯಾವ ಧಾನ್ಯ?’ ಜೋಳ ಎಂದೆ. ‘ಸರಿ, ಯಾವ ಜೋಳ?’ ಬಿಳಿ ಜೋಳ ಎಂದೆ. ‘ಅದು ಬಣ್ಣವಾಯಿತು. ಹೆಸರೇನು?’

ನನ್ನಲ್ಲಿ ಉತ್ತರವಿರಲಿಲ್ಲ. ತಲೆಮಾರುಗಳಿಂದ ಜೋಳ ತಿಂದು ಬೆಳೆದ ಮನೆತನದವನು, ಕನ್ನಡದ ಅಭಿಮಾನವನ್ನು ವೇದಿಕೆಯ ಮೇಲೆ ಸಾರುವವನು, ನನ್ನ ತಟ್ಟೆಯ ಮೇಲಿರುವ ಅನ್ನದ ಹೆಸರು ಹೇಳಲಾರದೆ ಕುಳಿತೆ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು. ಆ ನಾಚಿಕೆ ನನ್ನೊಬ್ಬನದಲ್ಲ, ನಮ್ಮೆಲ್ಲರದು ಎಂಬುದೇ ನನ್ನ ವಾದ.

ಹೆಸರುಗಳು ಇರಲೇ ಇಲ್ಲವೆ? ಇದ್ದವು. ಉತ್ತರ ಕರ್ನಾಟಕದ ಎರೆಸೀಮೆಯಲ್ಲಿ ಅರಳು ಹುರಿಯುವುದಕ್ಕೇ ಅಳ್ಳಿನ ಜೋಳ, ಸೀತನಿಗೆ ಸಕ್ಕರೆ ಮುಕ್ಕರಿ, ಕಡುಬಿಗೆ ಕಡುಬಿನ ಜೋಳ ಎಂದು ಬೇರೆಬೇರೆ ಜಾತಿಗಳಿದ್ದವು. ಆಂಧ್ರದ ನೆರೆಯವರಲ್ಲಿ ಹಳದಿ ಕಾಳಿನ ‘ಪಚ್ಚ ಜೊನ್ನ’ವಿದೆ. ಇವು ಅಲಂಕಾರದ ಹೆಸರುಗಳಾಗಿರಲಿಲ್ಲ. ಕಾಳಿನ ಒಳತಿರುಳು ಗಾಜಿನಂತೆ ಗಟ್ಟಿಯಾಗಿದ್ದರೆ ಬಿಸಿಗೆ ಒಳಗಿನ ಆವಿ ತಡೆದು ನಿಂತು ಒಮ್ಮೆಲೇ ಸಿಡಿಯುತ್ತದೆ. ಅದು ಅರಳಿನ ಜೋಳ. ಹಾಲುಗಾಳಿನಲ್ಲಿ ಸಕ್ಕರೆ ಹೆಚ್ಚು ಹೊತ್ತು ಪಿಷ್ಟವಾಗದೆ ಉಳಿದರೆ ಅದು ಸೀತನಿಯ ಜೋಳ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿವ ನೀರಿಗೆ ಹಿಟ್ಟಿನ ಪಿಷ್ಟ ಬೆಂದು ಹಿಡಿದುಕೊಂಡರೆ ಮಾತ್ರ ರೊಟ್ಟಿ ಬಡಿಯಲು ಬರುತ್ತದೆ. ಯಾವ ಜೋಳದ ಹಿಟ್ಟು ಜಿಗಿ ಬರುತ್ತದೆ, ಯಾವುದು ಅಂಚಿನಲ್ಲಿ ಬಿರಿಯುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ಹಿಡಿ ಹಿಟ್ಟು ಮುಟ್ಟಿ ಹೇಳುತ್ತಿದ್ದರು. ಪ್ರಯೋಗಾಲಯದ ಜ್ಞಾನವನ್ನು ಅವರು ಒಂದು ಹೆಸರಿನಲ್ಲಿ ಕಟ್ಟಿಟ್ಟಿದ್ದರು. ಹೆಸರು ಹೋಯಿತೆಂದರೆ ಆ ಜ್ಞಾನವೂ ಹೋಯಿತು.

ಅದು ಹೋದದ್ದು ಹೇಗೆ? 1964ರಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷ ಅಮೆರಿಕದ ಸಂಸತ್ತು ಬರ್ಬನ್ನನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಗೊತ್ತುವಳಿ ಮಾಡಿ ಅದರ ಹೆಸರಿಗೆ ಬೇಲಿ ಹಾಕಿತು. ಅದೇ ವರ್ಷ ನಮ್ಮ ದೇಶದಲ್ಲಿ ಜೋಳದ ಮೊದಲ ಸಂಕರ ತಳಿ ಸಿ.ಎಸ್.ಎಚ್. 1 ಬಿಡುಗಡೆಯಾಯಿತು. ಹಸಿದ ದೇಶಕ್ಕೆ ಹೆಚ್ಚಿನ ಇಳುವರಿ ಬೇಕಿತ್ತು. ಆ ವಿಜ್ಞಾನಿಗಳನ್ನು ನಾನು ಹಳಿಯುವುದಿಲ್ಲ. ಆದರೆ ಅಂದಿನಿಂದ ಹೆಸರಿದ್ದ ಜಾಗಕ್ಕೆ ಅಂಕಿ ಬಂತು. ಹಳೆಯ ಜಾತಿಗಳು ಹಗಲು ಕಿರಿದಾಗುವುದನ್ನು ಗುರುತಿಸಿ ಮಳೆ ಹಿಂದೆಗೆದ ಮೇಲೆ ತೆನೆ ಕಟ್ಟುತ್ತಿದ್ದವು. ಬೇಗ ಬಲಿಯುವ ಮುಂಗಾರಿ ಸಂಕರಗಳ ತೆನೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದು ಕಪ್ಪಾಗತೊಡಗಿತು. ಕಪ್ಪಾದ ಜೋಳದ ರೊಟ್ಟಿಯನ್ನು ಯಾರು ತಿನ್ನುತ್ತಾರೆ?

1983ರಲ್ಲಿ ಎನ್.ಟಿ. ರಾಮರಾವ್ ಅವರ ಸರಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಬಡವನ ಹೊಟ್ಟೆ ತುಂಬಿಸಿದ ಆ ಯೋಜನೆಗೂ ನನ್ನ ನಮಸ್ಕಾರವಿದೆ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಪಕ್ಕದಲ್ಲಿ ನಮ್ಮ ಹೊಲದ ಜೋಳವನ್ನೂ ಇಡಿ ಎಂದು ಆಗ ನಾವು ಗಟ್ಟಿಯಾಗಿ ಕೇಳಲಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಹರಿದ ಕಡೆ ಭತ್ತ ಬಂತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಆಲೂರು, ಆಸ್ಪರಿ ಕಡೆಯ ಎರೆ ಹೊಲಗಳಿಗೆ ವರ್ಷವರ್ಷವೂ ಪೊಟ್ಟಣದ ಬೀಜ ಬಂತು. ಅನ್ನ ಸಿರಿವಂತರ ಊಟ, ರೊಟ್ಟಿ ಬಡವರ ಊಟ ಎಂಬ ಮನೋಭಾವ ಮಾತ್ರ ಯಾವ ಸರಕಾರವೂ ತಂದದ್ದಲ್ಲ. ಅದನ್ನು ನಾವೇ ಬೆಳೆಸಿಕೊಂಡೆವು. ನಮ್ಮ ಮದುವೆಯ ಪಂಕ್ತಿಗಳಲ್ಲಿ ಜೋಳ ಕಾಣೆಯಾಗಿ ಎಷ್ಟು ವರ್ಷವಾಯಿತೆಂದು ಎಣಿಸಿ ನೋಡಿ.

ಈಗ ಸೀಸೆಯ ಮಾತಿಗೆ ಮರಳುತ್ತೇನೆ. ‘ಪವಿತ್ರವಾದ ಅನ್ನವನ್ನು ಮದ್ಯದೊಡನೆ ಹೋಲಿಸುವುದೆ?’ ಎನ್ನುವವರು ಒಂದು ಸತ್ಯವನ್ನು ಕೇಳಬೇಕು. ನಮ್ಮ ದೇಶದ ಜೋಳ ಈಗಾಗಲೇ ಮದ್ಯವಾಗುತ್ತಿದೆ. ಮಳೆಗೆ ಕಪ್ಪಾದ ಮುಂಗಾರಿ ಜೋಳ ಹೋಗುವ ದಾರಿಗಳು ಮುಖ್ಯವಾಗಿ ಎರಡು: ಕೋಳಿಯ ಮೇವು, ಇಲ್ಲವೆ ಮದ್ಯಸಾರದ ಕಾರ್ಖಾನೆ. ನೆರೆಯ ಮಹಾರಾಷ್ಟ್ರ ಸರಕಾರ 2007ರಲ್ಲಿ ಜೋಳ, ಸಜ್ಜೆಯಂಥ ಧಾನ್ಯಗಳಿಂದ ಮದ್ಯಸಾರ ತಯಾರಿಸುವ ಕಾರ್ಖಾನೆಗಳಿಗೆ ಸಹಾಯಧನದ ಯೋಜನೆಯನ್ನೇ ತಂದಿತು. ಅದರ ವಿರುದ್ಧ ದೊಡ್ಡ ಕೂಗೂ ಎದ್ದಿತು. ಅಲ್ಲಿ ಜೋಳಕ್ಕೆ ಹೆಸರಿಲ್ಲ, ಊರಿಲ್ಲ. ಲಾರಿ ತೂಗಿದ ಮೇಲೆ ಅದು ಬರಿಯ ಪಿಷ್ಟ. ಅದರಿಂದ ಇಳಿಸಿದ ಸಾರವನ್ನು ಸರ್ವರುಚಿರಹಿತವಾಗಿ ಶುದ್ಧಗೊಳಿಸಿ, ಬಣ್ಣ ವಾಸನೆ ಬೆರೆಸಿ, ಯಾವುದೋ ಇಂಗ್ಲಿಷ್ ಹೆಸರಿನಲ್ಲಿ ಮಾರುತ್ತಾರೆ. ನಮ್ಮಲ್ಲಿ ಕಬ್ಬಿನ ಕಾಕಂಬಿಯಿಂದ ಮಾಡಿ ವಿಸ್ಕಿ ಎಂದು ಮಾರುವ ಪೇಯಕ್ಕೆ ಯುರೋಪಿನಲ್ಲಿ ಆ ಹೆಸರು ಇಡಲೂ ಬಿಡುವುದಿಲ್ಲ. ಅನ್ನದ ಅವಮಾನ ಎಂದರೆ ಇದು. ಧಾನ್ಯದ ಹೆಸರನ್ನು ದೊಡ್ಡದಾಗಿ ಬರೆದ ಆ ಚಾರ್ಲ್‌ಸ್ಟನ್ನಿನ ಸೀಸೆಯಲ್ಲಿ ನನಗೆ ಅವಮಾನ ಕಾಣಲಿಲ್ಲ.

ಬೇರೆಯವರು ನಮ್ಮ ಜೋಳವನ್ನೇ ಹೇಗೆ ನಡೆಸಿಕೊಂಡಿದ್ದಾರೆ ನೋಡಿ. ಚೀನದ ಪ್ರಸಿದ್ಧ ಮಾವೊತಾಯ್ ಮದ್ಯ ಆಗುವುದು ಕೆಂಪು ಜೋಳದಿಂದ. ಗ್ವೀಜೌ ಪ್ರಾಂತ್ಯದ ಆ ಸೀಮೆಯ ರೈತರು ಬೆಳೆಯುವ ಅಂಟುಗುಣದ ಜಾತಿಗೆ ಹೊಂಗ್‌ಯಿಂಗ್‌ಜಿ ಎಂಬ ಹೆಸರೂ ಇದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬಿಯರ್ ಕಾರ್ಖಾನೆಗಳು ತಮ್ಮ ರೈತರ ಜೋಳಕ್ಕೆ ತಿರುಗಿದವು. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ತನ್ನ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿ ಮಾನ್ಯತೆ ಪಡೆಯಿತು. ಕಲಿಯುವ ಕೈ ನಮ್ಮವರಿಗಿಲ್ಲವೆಂದು ಹೇಳುವಂತಿಲ್ಲ. ಕೊರತೆ ಇರುವುದು ನಮ್ಮ ಧಾನ್ಯದಲ್ಲಿ ರುಚಿಯಿದೆ ಎಂಬ ನಂಬಿಕೆಯಲ್ಲಿ.

ಹಾಗಾದರೆ ಆದವಾನಿಯಲ್ಲಿ ಭಟ್ಟಿ ಹಚ್ಚಬೇಕೆಂದು ಹೇಳುತ್ತಿದ್ದೇನೆಯೆ? ಖಂಡಿತ ಇಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದಾಗ ಇಡೀ ಆಂಧ್ರ ಅವರ ಹಿಂದೆ ನಡೆಯಿತು. 1995ರಲ್ಲಿ ಸಂಪೂರ್ಣ ಪಾನನಿಷೇಧವೇ ಬಂತು, 1997ರಲ್ಲಿ ಅದು ಸಡಿಲಾಯಿತು. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಓಣಿಗಳಲ್ಲೇ ಕಂಡವನು ನಾನು. ಆ ತಾಯಂದಿರ ಹೋರಾಟಕ್ಕೆ ಎದುರಾಗಿ ಒಂದು ಅಕ್ಷರವನ್ನೂ ಬರೆಯಲಾರೆ. ನನಗೆ ಬೇಕಿರುವುದು ಅವರ ಸೀಸೆಯ ಪಾಠ: ಒಂದು ಧಾನ್ಯ ಉಳಿಯಬೇಕಾದರೆ ಅದರ ರುಚಿಯನ್ನು ಗುರುತಿಸುವ ನಾಲಿಗೆ ಬೇಕು, ಗುರುತಿಸಿದ್ದನ್ನು ಕರೆಯುವ ಹೆಸರು ಬೇಕು, ಹೆಸರಿಗೆ ಬೆಲೆ ಕೊಡುವ ಸಮಾಜ ಬೇಕು. ಈ ಮೂರೂ ರೊಟ್ಟಿಯಲ್ಲಿ ಸಾಧ್ಯ. ಸೀಸೆ ಬೇಕಿಲ್ಲ.

‘ಹೆಸರನ್ನು ತಿಂದು ರೈತ ಬದುಕುತ್ತಾನೆಯೆ?’ ಎಂಬುದು ಇನ್ನೊಂದು ಆಕ್ಷೇಪ. ಇದು ಗಂಭೀರವಾದದ್ದು. ಜೋಳದ ಹೊಲಕ್ಕೆ ಹಕ್ಕಿ ಕಾಯಬೇಕು, ಕೊಯ್ಯಲು ಆಳು ಸಿಗುವುದಿಲ್ಲ, ಬೆಲೆ ಕೈಗೆ ಹತ್ತುವುದಿಲ್ಲ. ಹತ್ತಿ, ಮೆಣಸಿನಕಾಯಿ ಹಾಕಿದರೆ ಸಾಲ ತೀರೀತೆಂಬ ಆಸೆಯಾದರೂ ಇರುತ್ತದೆ. ಜೋಳ ಬಿಟ್ಟ ರೈತನನ್ನು ನಾನು ದೂರುವುದಿಲ್ಲ. ಜೋಳಕ್ಕೆ ಬೆಲೆ ಬರದಿರುವುದಕ್ಕೆ ಒಂದು ಕಾರಣ ಅದಕ್ಕೆ ಹೆಸರಿಲ್ಲದಿರುವುದು ಎಂದಷ್ಟೇ ಹೇಳುತ್ತೇನೆ. ಇದನ್ನು ಆದವಾನಿಯವರಿಗೆ ವಿವರಿಸಿ ಹೇಳಬೇಕೆ? ನಮ್ಮ ಮಾರುಕಟ್ಟೆಯಲ್ಲಿ ಹತ್ತಿಯ ಎಳೆಯನ್ನು ಬೆರಳ ನಡುವೆ ಎಳೆದು ನೋಡಿ ಅದರ ಉದ್ದವನ್ನೂ ಬೆಲೆಯನ್ನೂ ಹೇಳಬಲ್ಲ ವ್ಯಾಪಾರಿಗಳಿದ್ದಾರೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ, ಆದವಾನಿ ಕಡೆಯ ಹತ್ತಿಗೆ ‘ವೆಸ್ಟರ್ನ್ಸ್’ ಎಂದೂ ನಂದ್ಯಾಲದ ಕಡೆಯದಕ್ಕೆ ‘ನಾರ್ದರ್ನ್ಸ್’ ಎಂದೂ ಪೇಟೆಯ ಹೆಸರುಗಳಿದ್ದವು. ಮೈಗೆ ಹಾಕುವ ಎಳೆಗೆ ಇಷ್ಟು ಸೂಕ್ಷ್ಮ ಇಟ್ಟುಕೊಂಡ ನಾವು ಹೊಟ್ಟೆಗೆ ಹಾಕುವ ಕಾಳಿಗೆ ಬಣ್ಣ ಬಿಟ್ಟು ಬೇರೆ ಗುರುತು ಇಡಲಿಲ್ಲ.

ನೆರೆಯವರು ಇಟ್ಟರು. ಸೋಲಾಪುರ ಜಿಲ್ಲೆಯ ಮಂಗಳವೇಢೆ ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಇದ್ದ ಊರೆಂದು ನಾವು ಭಕ್ತಿಯಿಂದ ನೆನೆಯುವ ಮಂಗಳವಾಡ. ಆ ಊರಿನ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದೇ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ಇಂದಿಗೂ ಹಿಂಗಾರಿ ಜೋಳದ ಅರಸನೆನಿಸಿದೆ. ನಂದ್ಯಾಲದ ಕೃಷಿ ಸಂಶೋಧನಾ ಕೇಂದ್ರ ತನ್ನ ತಳಿಗಳಿಗೆ ಇಟ್ಟ ಎನ್.ಟಿ.ಜೆ. ಎಂಬ ಅಕ್ಷರಗಳನ್ನು ಬಿಡಿಸಿದರೆ ‘ನಂದ್ಯಾಲ ತೆಲ್ಲ ಜೊನ್ನ’ ಎಂದಾಗುತ್ತದೆ. ಮರಾಠಿಯಲ್ಲಿ ಹೆಸರಿದೆ, ತೆಲುಗಿನಲ್ಲಿ ಹೆಸರಿದೆ. ಎರಡರ ನಡುವಣ ಕನ್ನಡದ ಹೊಲದಲ್ಲಿ ಬೆಳೆದ ಜೋಳ ಮಾತ್ರ ಬರಿಯ ‘ಬಿಳಿ ಜೋಳ’ವಾಗಿ ಚೀಲ ಸೇರುತ್ತದೆ.

ಇಲ್ಲಿಗೆ ವಿಷಯ ಬೀಜದಿಂದ ಭಾಷೆಗೆ ಬಂತು; ಸಮ್ಮೇಳನಕ್ಕೆ ನೇರವಾಗಿ ಸಂಬಂಧಪಟ್ಟ ಮಾತೂ ಇದೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ. ಅಂದಿನಿಂದ ನಾವು ಕನ್ನಡ ಶಾಲೆ, ಕನ್ನಡ ಶಿಕ್ಷಕ, ಕನ್ನಡ ಪಠ್ಯಪುಸ್ತಕ ಎಂದು ಅರ್ಜಿ ಬರೆಯುತ್ತ ಬಂದಿದ್ದೇವೆ. ಬರೆಯಬೇಕಾದದ್ದೇ. ಆದರೆ ಯಾರ ಅನುಮತಿಯೂ ಬೇಡದೆ ಉಳಿಸಿಕೊಳ್ಳಬಹುದಾಗಿದ್ದ ಕನ್ನಡವನ್ನು ನಾವು ಏನು ಮಾಡಿದೆವು? ಕೂರಿಗೆ, ಹಗೇವು, ಸೊಪ್ಪೆ, ಸೀತನಿ, ಅಂಬಲಿ, ನುಚ್ಚು ಎಂಬ ಮಾತುಗಳಲ್ಲಿ ಎಷ್ಟನ್ನು ನಮ್ಮ ಮೊಮ್ಮಕ್ಕಳು ಬಲ್ಲರು? ಈ ಮಾತುಗಳನ್ನು ನಮ್ಮಿಂದ ಹೈದರಾಬಾದು ಕಸಿಯಲಿಲ್ಲ, ಅಮರಾವತಿಯೂ ಕಸಿಯಲಿಲ್ಲ. ಜೋಳ ಹೊಲದಿಂದ ಹೋದಾಗ ಅದರ ಬೆನ್ನಿಗೆ ಇವೂ ಹೋದವು, ನಾವು ನೋಡುತ್ತ ನಿಂತೆವು.

ನಮ್ಮ ಹಳಗನ್ನಡ ಕಾವ್ಯಲೋಕದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಅನ್ನವಿಟ್ಟ ಒಡೆಯನಿಗಾಗಿ ಪ್ರಾಣ ಕೊಡುವ ನಿಷ್ಠೆಗೆ ಆ ಹೆಸರು. ಕೌರವನ ಪಕ್ಷ ಬಿಡದ ಕರ್ಣನ ಪ್ರಸಂಗದಲ್ಲಿ ನಮ್ಮ ಮೇಷ್ಟ್ರುಗಳು ಅದನ್ನು ಕಣ್ಣೀರಿಟ್ಟು ಪಾಠ ಮಾಡುತ್ತಿದ್ದರು. ಉಪ್ಪಿನ ಋಣ ಎನ್ನುವವರ ನಡುವೆ ಕನ್ನಡಿಗರು ಋಣಕ್ಕೆ ಜೋಳದ ಹೆಸರಿಟ್ಟರು. ಸಮುದ್ರದಾಚೆಯಿಂದ ಬಂದ ಹೊಸ ಧಾನ್ಯವನ್ನೂ ನಮ್ಮವರು ಮೆಕ್ಕೆಜೋಳ, ಗೋವಿನಜೋಳ ಎಂದು ಜೋಳದ ಮನೆತನಕ್ಕೇ ಸೇರಿಸಿಕೊಂಡರು. ಇಂದು ಆ ಮನೆತನಕ್ಕೆ ಸೇರಿದ ನೆಂಟನ ಎರಡು ತೆನೆಗಳನ್ನು ಅಮೆರಿಕದವರು ಕಾಪಾಡಿ ಹೆಸರು ತಂದುಕೊಟ್ಟಿದ್ದಾರೆ. ಮನೆಯ ಯಜಮಾನನನ್ನು ನಾವು ಹೆಸರು ಹಿಡಿದು ಕರೆಯಲಾರೆವು. ಜೋಳವಾಳಿಯನ್ನು ವೇದಿಕೆಯ ಮೇಲೆ ಹೊಗಳಿ, ಕೆಳಗಿಳಿದು ಪೂರಿ, ಪಲಾವು ಊಟ ಮಾಡಿ ಕೈತೊಳೆಯುವ ಸಮ್ಮೇಳನಗಳ ಬಗೆಗೆ ನನಗೆ ಬೇಸರ ಬಂದಿದೆ. ಆ ಪಂಕ್ತಿಗಳಲ್ಲಿ ನಾನೂ ಕುಳಿತು ಉಂಡಿದ್ದೇನೆ. ಆದ್ದರಿಂದ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ಬೈದು ಸುಮ್ಮನಾಗುವುದು ಸುಲಭ. ಆದ್ದರಿಂದ ಸಂಘದ ಮುಂದೆ ನಾಲ್ಕು ಕೆಲಸಗಳನ್ನು ಇಡುತ್ತೇನೆ. ಒಂದು, ಹೊಳಗುಂದ, ಕೌತಾಳ, ಕೋಸಿಗಿ, ಆಲೂರು, ಚಿಪ್ಪಗಿರಿ ಕಡೆಯ ಊರುಗಳಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಕ್ಕಳ ಬಳಿ ಕುಳಿತು, ಅವರು ಬಲ್ಲ ಜೋಳ, ನವಣೆ, ಸಜ್ಜೆಗಳ ಹೆಸರು, ಗುರುತು, ಉಪಯೋಗಗಳನ್ನು ಬರೆದುಕೊಳ್ಳಬೇಕು. ಇದಕ್ಕೆ ಬೇಕಾದದ್ದು ಒಂದು ನೋಟುಬುಕ್ಕು, ನಮ್ಮ ಕಾಲೇಜಿನ ಹುಡುಗ ಹುಡುಗಿಯರ ನಾಲ್ಕು ಭಾನುವಾರಗಳು. ಎರಡು, ಯಾವ ಮನೆಯ ಅಟ್ಟದಲ್ಲಾದರೂ ಹಳೆಯ ಬೀಜದ ತೆನೆ ಸಿಕ್ಕಿದರೆ ಅದನ್ನು ಬಿತ್ತಿ ಉಳಿಸಬೇಕು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಡಿ ರೈತರು ತಮ್ಮ ಪಾರಂಪರಿಕ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು. ಹೊಲದಲ್ಲಿ ಸಿಗದಿದ್ದರೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಬೀಜಭಂಡಾರವನ್ನು ಕೇಳಬೇಕು. ಅಲ್ಲಿ ಜೋಳದ್ದೇ ಮೂವತ್ತೈದು ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಮೂರು, ಮುಂದಿನ ಸಮ್ಮೇಳನದ ಊಟದಲ್ಲಿ ಜೋಳದ ರೊಟ್ಟಿಯೇ ಪ್ರಧಾನವಾಗಿರಬೇಕು. ಆ ಜೋಳವನ್ನು ಬಿತ್ತನೆಗೆ ಮೊದಲೇ ಬೆಲೆ ನಿಶ್ಚಯಿಸಿ ನಮ್ಮ ರೈತನೊಬ್ಬನಿಂದ ಬೆಳೆಸಿರಬೇಕು. ನಾಲ್ಕು, ಪಂಕ್ತಿಯ ಮುಂದಿನ ಹಲಗೆಯ ಮೇಲೆ ಆ ಜೋಳದ ಹೆಸರನ್ನೂ ಬೆಳೆದವನ ಊರನ್ನೂ ಕನ್ನಡದಲ್ಲಿ ಬರೆದಿರಬೇಕು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬಿಸ್ಕತ್ತುಗಳು ಬಂದವು, ಭಾಷಣಗಳಾದವು, ವರ್ಷ ಮುಗಿಯಿತು. ಹೊಲದ ಕೆಲಸ ಒಂದು ವರ್ಷದ ಘೋಷಣೆಯಿಂದ ಆಗುವಂಥದಲ್ಲ. ಚಾರ್ಲ್‌ಸ್ಟನ್ನಿನಲ್ಲಿ ಅದು ಎರಡು ತೆನೆಗಳಿಂದ ಮೊದಲಾಯಿತು. ನಮ್ಮಲ್ಲಿ ಇನ್ನೂ ಎಲ್ಲೋ ಒಂದು ಜಂತಿಗೆ ಒಂದು ತೆನೆ ನೇತಾಡುತ್ತಿರಬಹುದು. ಅದರ ಹೆಸರು ಬಲ್ಲ ಅಜ್ಜಿ ಅದರ ಕೆಳಗೆ ಕುಳಿತಿರಬಹುದು. ಅವರಿಬ್ಬರಲ್ಲಿ ಯಾರು ಮೊದಲು ಹೋಗುತ್ತಾರೆಂದು ಕಾದು ನೋಡುವ ಮನಸ್ಸು ನಿಮಗಿದೆಯೆ?

ನೆರೆಮನೆಯ ಆ ವೃದ್ಧರು ಹೊರಡುವಾಗ, ಮುಂದಿನ ಸಲ ಬರುವಾಗ ಹೆಸರು ತಿಳಿದುಕೊಂಡು ಬನ್ನಿ ಎಂದರು. ಬರುವ ಸಮ್ಮೇಳನದಲ್ಲಿ ನನಗೆ ಹಾರ, ಶಾಲು ಬೇಡ. ಅವರ ಪ್ರಶ್ನೆಗೆ ಕೊಡಬಹುದಾದ ಒಂದು ಕನ್ನಡದ ಹೆಸರನ್ನು ಹುಡುಕಿಕೊಡಿ.